ತಪ್ಪು ಮತ್ತು ಕೈತಪ್ಪು

ಬೆಂದ ಬೇಳೆಯನ್ನು ಪಾತ್ರೆಯಲ್ಲೇ ನುಣ್ಣಗೆ ಮಾಡುವ, ಮಜ್ಜಿಗೆ ಕಡೆಯುವ ಹ್ಯಾಂಡ್ ಬ್ಲೆಂಡರ್ ಈಗ ನಮ್ಮ ಅಡುಗೆಮನೆಗಳಿಗೆ ಹೊಸದಲ್ಲ. ಕೆಲವು ಬ್ಲೆಂಡರುಗಳಲ್ಲಿ ಒಂದೇ ಗುಂಡಿ ಇರುತ್ತದೆ. ಒತ್ತಿದ ಕೂಡಲೇ ಬ್ಲೇಡು ತಿರುಗುತ್ತದೆ. ಇನ್ನು ಕೆಲವುಗಳಲ್ಲಿ ಮೊದಲು ಹೆಬ್ಬೆರಳಿನಿಂದ ಲಾಕ್ ಬಿಡಿಸಬೇಕು, ಆಮೇಲೆ ಮುಖ್ಯ ಗುಂಡಿ ಒತ್ತಬೇಕು. ಈ ಎರಡನೆಯ ಬಗೆಯದನ್ನು ಮನೆಗೆ ತಂದವರು ಸಾಮಾನ್ಯವಾಗಿ ಹೇಳುವ ಮಾತು ಒಂದೇ: 'ಮೈಮೇಲೆ ಎಚ್ಚರ ಇದ್ದವರಿಗೆ ಈ ಲಾಕಿನ ರಗಳೆ ಯಾಕೆ?' ಕೇಳಲು ಇದು ಸಣ್ಣ ಗೊಣಗಾಟ. ಆದರೆ ಅದರ ಹಿಂದೆ ದೊಡ್ಡ ನಂಬಿಕೆಯೊಂದಿದೆ. ಅಪಘಾತವೆಂದರೆ ಎಚ್ಚರಗೇಡಿತನದ ಫಲ, ಆದ್ದರಿಂದ ಅದಕ್ಕೆ ಮದ್ದು ಎಚ್ಚರ ಮಾತ್ರ, ತಡೆಗುಂಡಿಗಳೆಲ್ಲ ಎಚ್ಚರವಿಲ್ಲದವರಿಗಾಗಿ ಮಾಡಿದವು ಎಂಬುದು ಆ ನಂಬಿಕೆ. ಯಾರದ್ದಾದರೂ ಬೆರಳು ಕೊಯ್ದಾಗ ನಮ್ಮ ಬಾಯಿಂದ ಮೊದಲು ಬರುವ ಪ್ರಶ್ನೆ 'ಗಮನ ಎಲ್ಲಿತ್ತು?' ಎಂಬುದೇ. ಗಾಯಗೊಂಡವರು ನೋವಿನ ಜೊತೆ ಅಪವಾದವನ್ನೂ ಹೊರುತ್ತಾರೆ. ನಮ್ಮ ಮನೆಗಳಲ್ಲಿ ಹಾಗೆ ಹೊರುವವರು ಬಹುಪಾಲು ಹೆಂಗಸರು. ಆದ್ದರಿಂದ ಈ ನಂಬಿಕೆ ಎಷ್ಟು ಗಟ್ಟಿ ಎಂದು ತಟ್ಟಿ ನೋಡುವುದು ಅಗತ್ಯ.

ಮೊದಲು ಅದನ್ನು ಅದರ ಪೂರ್ಣ ಬಲದಲ್ಲಿ ಇಟ್ಟು ನೋಡೋಣ. ಲಾಕ್ ಬೇಡ ಎನ್ನುವವರ ವಾದದಲ್ಲಿ ಮೂರು ಎಳೆಗಳಿವೆ.

1. ಹರಿತವಾದದ್ದರ ಜೊತೆ ಕೆಲಸ ಮಾಡುವವರು ಎಚ್ಚರವನ್ನು ಕಲಿಯಲೇಬೇಕು. ಈಳಿಗೆಮಣೆಯ ಮೇಲೆ ಕೂತು ತೆಂಗಿನಕಾಯಿ ತುರಿದ, ತರಕಾರಿ ಹೆಚ್ಚಿದ ತಲೆಮಾರುಗಳಿಗೆ ಯಾವ ಲಾಕೂ ಇರಲಿಲ್ಲ. ಅವರನ್ನು ಕಾಪಾಡಿದ್ದು ಪಳಗಿದ ಕೈ.

2. ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಆಮೇಲೆ ಬ್ಲೇಡು ಮುಟ್ಟು ಎಂಬ ಒಂದು ಸರಳ ನಿಯಮ ಪಾಲಿಸಿದರೆ ಸಾಕು. ಅದಕ್ಕಿಂತ ಹೆಚ್ಚಿನದು ಯಾವುದೂ ಬೇಡ.

3. ಲಾಕ್ ಇದೆ ಎಂಬ ಧೈರ್ಯವೇ ಎಚ್ಚರವನ್ನು ಸಡಿಲಿಸುತ್ತದೆ. ಹಾಗಾಗಿ ಕಾಯಬೇಕಾದದ್ದೇ ಕೊನೆಗೆ ಕೇಡು ತರುತ್ತದೆ.

ಈ ಮೂರರಲ್ಲಿ ಯಾವುದೂ ಹುರುಳಿಲ್ಲದ ಮಾತಲ್ಲ. ಪ್ರತಿಯೊಂದರಲ್ಲೂ ಸ್ವಲ್ಪ ಸತ್ಯವಿದೆ, ಮತ್ತು ಆ ಸತ್ಯವೇ ಅದರೊಳಗಿನ ಗೊಂದಲವನ್ನು ಮರೆಮಾಡುತ್ತಿದೆ.

ಈಳಿಗೆಮಣೆಯ ಹೋಲಿಕೆಯಿಂದ ಆರಂಭಿಸೋಣ. ಈಳಿಗೆಮಣೆಯ ಅಲುಗು ತಾನಾಗಿ ಕದಲುವುದಿಲ್ಲ. ಬದನೆಕಾಯಿಯನ್ನು ಅದರ ಕಡೆ ದೂಡುವುದು ನಮ್ಮದೇ ಕೈ. ಕಡಗೋಲನ್ನು ತಿರುಗಿಸುವುದು ಹಗ್ಗ ಎಳೆಯುವ ತೋಳು, ಗುಂಡುಕಲ್ಲನ್ನು ಆಡಿಸುವುದು ನಮ್ಮದೇ ರಟ್ಟೆ. ಈ ಎಲ್ಲ ಸಾಧನಗಳಲ್ಲಿ ಶಕ್ತಿಯ ಮೂಲವೂ ಇಚ್ಛೆಯ ಮೂಲವೂ ಒಂದೇ ಮೈಯೊಳಗಿವೆ. ಮನಸ್ಸು ಅಳುಕಿದರೆ ಕೈ ಅಳುಕುತ್ತದೆ, ಕೈ ನಿಂತರೆ ಸಾಧನ ನಿಲ್ಲುತ್ತದೆ. 1950ರಲ್ಲಿ ಸ್ವಿಟ್ಜರ್ಲೆಂಡಿನ ರೋಜರ್ ಪೆರಿಂಜಾಕೆ ಕೈಯಲ್ಲಿ ಹಿಡಿದು ಪಾತ್ರೆಯೊಳಗೆ ಇಳಿಸುವ ಬ್ಲೆಂಡರಿಗೆ ಪೇಟೆಂಟ್ ಪಡೆದಾಗ ಆದ ಬದಲಾವಣೆ ವೇಗದ್ದಷ್ಟೇ ಅಲ್ಲ. ಶಕ್ತಿ ಗೋಡೆಯ ಸಾಕೆಟ್ಟಿಗೆ ಹೋಯಿತು, ಇಚ್ಛೆ ಕೈಯಲ್ಲಿ ಉಳಿಯಿತು, ಎರಡನ್ನೂ ಜೋಡಿಸುವ ಕೊಂಡಿಯಾಗಿ ಉಳಿದದ್ದು ಒಂದು ಗುಂಡಿ ಮಾತ್ರ. ಆ ಗುಂಡಿಗೆ ಇಚ್ಛೆಯ ಗುರುತು ಸಿಗುವುದಿಲ್ಲ, ಅದಕ್ಕೆ ಗೊತ್ತಾಗುವುದು ಒತ್ತಡ ಮಾತ್ರ. ಬೇಳೆ ಮಸೆಯಲು ಒತ್ತಿದ ಬೆರಳು, ಒರೆಸುವಾಗ ತಗುಲಿದ ಅಂಗೈ, ಡ್ರಾಯರಿನಲ್ಲಿ ಮೇಲೆ ಬಿದ್ದ ಸೌಟು, ಕುತೂಹಲದ ಮಗುವಿನ ಮುಷ್ಟಿ, ಎಲ್ಲವೂ ಅದಕ್ಕೆ ಒಂದೇ. ಒಮ್ಮೆ ತಿರುಗಲು ಆರಂಭಿಸಿದ ಮೇಲೆ ಎಚ್ಚರಕ್ಕೆ ಸಮಯವೇ ಉಳಿಯುವುದಿಲ್ಲ. ನಿಮಿಷಕ್ಕೆ 10,000 ಸುತ್ತು ತಿರುಗುವ ಬ್ಲೇಡು ಸೆಕೆಂಡಿಗೆ ಸುಮಾರು 167 ಸುತ್ತು ತಿರುಗುತ್ತದೆ. ಕಂಡದ್ದಕ್ಕೆ ಮನುಷ್ಯ ಪ್ರತಿಕ್ರಿಯಿಸಲು ಸೆಕೆಂಡಿನ ಐದನೇ ಒಂದು ಭಾಗದಷ್ಟಾದರೂ ಬೇಕು. ಅಷ್ಟರಲ್ಲಿ ಅದು 33 ಸುತ್ತು ಮುಗಿಸಿರುತ್ತದೆ. ಈಳಿಗೆಮಣೆಯ ಮುಂದೆ ಎಚ್ಚರವೆನ್ನುವುದು ಕೆಲಸದ ಉದ್ದಕ್ಕೂ ಜೊತೆಗಿರುವ ಹಿಡಿತ. ಬ್ಲೆಂಡರಿನ ಮುಂದೆ ಅದು ಗುಂಡಿ ಒತ್ತುವ ಮೊದಲಿನ ಕ್ಷಣಕ್ಕಷ್ಟೇ ಸೀಮಿತ. ಆದ್ದರಿಂದ ಕಾವಲು ಬೇಕಾಗಿರುವುದೂ ಆ ಕ್ಷಣಕ್ಕೇ.

ಇಲ್ಲಿ ನಮ್ಮ ನುಡಿಯೇ ಒಂದು ದಾರಿ ತೋರಿಸುತ್ತದೆ. ಕನ್ನಡದಲ್ಲಿ ತಪ್ಪು ಬೇರೆ, ಕೈತಪ್ಪು ಬೇರೆ. 'ತಪ್ಪು ಮಾಡಿದ' ಎಂದಾಗ ಒಂದು ನಿರ್ಧಾರವಿದೆ, ಆ ನಿರ್ಧಾರ ಸರಿಯಿರಲಿಲ್ಲ ಎಂಬ ತೀರ್ಪಿದೆ. 'ಕೈತಪ್ಪಿ ಬಿತ್ತು', 'ಬಾಯ್ತಪ್ಪಿ ಬಂತು' ಎಂದಾಗ ನಿರ್ಧಾರವೇ ಇಲ್ಲ; ಮನಸ್ಸು ಎಣಿಸಿದ್ದು ಒಂದು, ಮೈ ಮಾಡಿದ್ದು ಇನ್ನೊಂದು. ಮನಶ್ಶಾಸ್ತ್ರಜ್ಞರಾದ ಡೊನಾಲ್ಡ್ ನಾರ್ಮನ್ ಮತ್ತು ಜೇಮ್ಸ್ ರೀಸನ್ ಮನುಷ್ಯರ ದೋಷಗಳನ್ನು ವಿಂಗಡಿಸಿದ್ದು ಬಹುಮಟ್ಟಿಗೆ ಇದೇ ಗೆರೆಯ ಮೇಲೆ. ಅವರ ವಿವರಣೆಯಲ್ಲಿ ನಾವು ಗಮನಿಸಬೇಕಾದ ಅಂಶವೊಂದಿದೆ: ಕೈತಪ್ಪು ಹೊಸಬರಿಗಿಂತ ಪಳಗಿದವರನ್ನೇ ಹೆಚ್ಚು ಹಿಡಿಯುತ್ತದೆ. ಹೊಸಬರು ಒಂದೊಂದು ಹೆಜ್ಜೆಯನ್ನೂ ಯೋಚಿಸಿ ಇಡುತ್ತಾರೆ. ಪಳಗಿದವರ ಕೈ ಯೋಚನೆಯಿಲ್ಲದೆಯೇ ನಡೆಯುತ್ತದೆ, ಪಳಗುವುದು ಎಂದರೆ ಅದೇ. ಒಲೆಯ ಮೇಲಿನ ಹಾಲು, ಕುಕ್ಕರಿನ ಕೂಗು, ಮಗುವಿನ ಡಬ್ಬಿ, ಬಾಗಿಲ ಕರೆಗಂಟೆ ಇವಿಷ್ಟನ್ನೂ ಒಟ್ಟಿಗೆ ನಿಭಾಯಿಸಲು ಆಗುವುದು ಕೈಗಳು ತಾವಾಗಿ ಕೆಲಸ ಮಾಡುವುದರಿಂದ. ಗಮನ ಹಂಚಿಹೋಗುವುದು ಅಡುಗೆಯವರ ದುರ್ಗುಣವಲ್ಲ, ಅಡುಗೆ ಎಂಬ ಕೆಲಸದ ಸ್ವರೂಪವೇ ಅದು. ಈಗ 'ಎಚ್ಚರದಿಂದಿರಿ' ಎಂಬ ಉಪದೇಶವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಉಪದೇಶ ಮಾತಾಡುವುದು ಇಚ್ಛೆಯೊಂದಿಗೆ. ಕೈತಪ್ಪು ಆಗುವುದೋ ಇಚ್ಛೆಯ ಕಣ್ಣು ತಪ್ಪಿಸಿ. ತಪ್ಪನ್ನು ತಿದ್ದಬಲ್ಲ ಮಾತು ಕೈತಪ್ಪನ್ನು ತಲುಪುವುದೇ ಇಲ್ಲ. ಎಚ್ಚರ ಸಾಕು ಎನ್ನುವ ವಾದದ ಮೂಲ ಗೊಂದಲ ಇದು: ಒಂದು ಕಾಯಿಲೆಯ ಮದ್ದನ್ನು ಬೇರೆ ಕಾಯಿಲೆಗೆ ಕೊಡುತ್ತಿದೆ.

ಈ ಪಾಠವನ್ನು ಜಗತ್ತು ಕಲಿತದ್ದು ಅಡುಗೆಮನೆಯಲ್ಲಲ್ಲ, ಯುದ್ಧವಿಮಾನಗಳಲ್ಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಬಿ-17 ಬಾಂಬರುಗಳನ್ನು ಇಳಿಸಿದ ಮೇಲೆ ಪೈಲಟ್‌ಗಳು ರೆಕ್ಕೆಯ ಫ್ಲ್ಯಾಪ್ ಮಡಿಸಲು ಹೋಗಿ ಚಕ್ರಗಳನ್ನು ಮಡಿಸಿಬಿಡುತ್ತಿದ್ದರು. ಚಾಲಕನ ದೋಷವೆಂದು ಬರೆದು ಮುಗಿಸಬಹುದಿತ್ತು. ಅಲ್ಫಾನ್ಸ್ ಚಪಾನಿಸ್ ಎಂಬ ಮನಶ್ಶಾಸ್ತ್ರಜ್ಞ ಕಾಕ್‌ಪಿಟ್ಟನ್ನೇ ನೋಡಿದರು. ಎರಡೂ ಹಿಡಿಗಳು ಒಂದೇ ಆಕಾರದಲ್ಲಿ ಅಕ್ಕಪಕ್ಕ ಇದ್ದವು. ಚಕ್ರದ ಹಿಡಿಗೆ ರಬ್ಬರಿನ ಗಾಲಿಯಂಥ ತುದಿ, ಫ್ಲ್ಯಾಪ್ ಹಿಡಿಗೆ ಬೆಣೆಯಂಥ ತುದಿ ಕೂಡಿಸಿದ ಮೇಲೆ ಆ ಗೊಂದಲ ತೊಲಗಿತು. 1947ರಲ್ಲಿ ಪಾಲ್ ಫಿಟ್ಸ್ ಮತ್ತು ರಿಚರ್ಡ್ ಜೋನ್ಸ್ ನೂರಾರು ಪೈಲಟ್ ದೋಷಗಳ ವಿವರ ಕಲೆಹಾಕಿ, ಅವುಗಳಲ್ಲಿ ಬಹಳಷ್ಟು ಉಪಕರಣಗಳ ರಚನೆಯ ದೋಷಗಳೆಂದು ತೋರಿಸಿದರು. ಮುಂದೆ ಜಪಾನಿನಲ್ಲಿ ಶಿಗಿಯೊ ಶಿಂಗೊ ಕಾರ್ಖಾನೆಯ ಕೈತಪ್ಪುಗಳನ್ನು ತಡೆಯುವ ಸಾಧನಗಳಿಗೆ ಮೊದಲು ಇಟ್ಟ ಹೆಸರು 'ಬಾಕಾ-ಯೋಕೆ', ಅಂದರೆ ದಡ್ಡರನ್ನು ತಡೆಯುವುದು. 'ನಾನು ಅಷ್ಟು ದಡ್ಡಳೇ?' ಎಂದು ಕೆಲಸಗಾರ್ತಿಯೊಬ್ಬಳು ನೊಂದುಕೊಂಡದ್ದನ್ನು ಕಂಡು ಅವರು ಹೆಸರನ್ನು 'ಪೋಕಾ-ಯೋಕೆ' ಎಂದು ಬದಲಿಸಿದರು: ಕಣ್ತಪ್ಪು ಕೈತಪ್ಪುಗಳನ್ನು ತಡೆಯುವುದು. ಲಾಕನ್ನು ಕಂಡರೆ ನಮಗಾಗುವ ಕಿರಿಕಿರಿಯಲ್ಲೂ ಆ ಹೆಣ್ಣುಮಗಳ ನೋವಿನ ಒಂದಂಶವಿದೆ. ಆದರೆ ಅವಮಾನ ಇದ್ದದ್ದು ಹಳೆಯ ಹೆಸರಿನಲ್ಲಿ, ಸಾಧನದಲ್ಲಲ್ಲ.

ಎರಡನೆಯ ಎಳೆ, ಪ್ಲಗ್ ಕೀಳುವ ನಿಯಮ. ನಿಯಮ ಸರಿಯಾಗಿದೆ, ಲಾಕ್ ಇದ್ದರೂ ಅದನ್ನು ಪಾಲಿಸಬೇಕು. ಅದೊಂದೇ ಸಾಕೇ ಎಂಬುದು ಪ್ರಶ್ನೆ. ಬ್ಲೇಡಿನ ಹತ್ತಿರ ಬೆರಳು ಹೋಗುವ ಸಂದರ್ಭ ಎಷ್ಟೋ ಸಲ ಕೆಲಸ ಮುಗಿದ ಮೇಲಿನದ್ದಲ್ಲ, ಕೆಲಸದ ನಡುವಿನದ್ದು. ಕಾಯಿಚೂರೋ ಬೇಯದ ಬೀನ್ಸಿನ ನಾರೋ ಬ್ಲೇಡಿಗೆ ಸಿಕ್ಕಿಕೊಂಡಿದೆ. ಮನಸ್ಸೆಲ್ಲ ಆ ಚೂರಿನ ಮೇಲಿದೆ. ಒಂದು ಕೈಯಲ್ಲಿ ಬ್ಲೆಂಡರ್, ಇನ್ನೊಂದರ ಬೆರಳು ಚೂರಿನ ಕಡೆ ಹೊರಟಿದೆ. ನಿಯಮ ನೆನಪಾಗಬೇಕಾದದ್ದು ಆಗಲೇ, ಮರೆತುಹೋಗುವುದೂ ಆಗಲೇ. ಹಿಡಿಕೆಯ ರಚನೆ ಇದನ್ನು ಇನ್ನಷ್ಟು ಕೆಡಿಸುತ್ತದೆ. ಬ್ಲೆಂಡರನ್ನು ಭದ್ರವಾಗಿ ಹಿಡಿಯುವ ರೀತಿ ಮತ್ತು ಅದನ್ನು ಚಾಲೂ ಮಾಡುವ ರೀತಿ ಹೆಚ್ಚುಕಡಿಮೆ ಒಂದೇ, ಏಕೆಂದರೆ ಗುಂಡಿ ಇರುವುದು ಹಿಡಿತದೊಳಗೇ. ಕೈ ಒದ್ದೆಯಾಗಿ ಜಾರಿದರೆ ಯಾರೇ ಆಗಲಿ ಬಿಗಿಯಾಗಿ ಹಿಡಿಯುತ್ತಾರೆ, ಬಿಗಿಯಾಗಿ ಹಿಡಿದರೆ ಗುಂಡಿ ಒತ್ತಿಹೋಗುತ್ತದೆ. ಬೀಳದಂತೆ ಕಾಪಾಡಲು ಹೊರಟ ಕೈಯೇ ಬ್ಲೇಡನ್ನು ತಿರುಗಿಸುತ್ತದೆ. ಅಲ್ಲದೆ, ಬ್ಯಾಟರಿಯಿಂದ ನಡೆಯುವ ಹೊಸ ಬ್ಲೆಂಡರುಗಳಲ್ಲಿ ಕೀಳಲು ಪ್ಲಗ್ಗೇ ಇಲ್ಲ. ಅಲ್ಲಿ ಶಕ್ತಿಯ ಮೂಲವೂ ಹಿಡಿಕೆಯೊಳಗೇ ಕೂತಿದೆ. ನಿಯಮ ಹೇಳಿಕೊಟ್ಟವರ ಅಡಿಯ ನೆಲವೇ ಕುಸಿದಿದೆ.

ಈ ನಿಯಮ ಒಳಗೊಳ್ಳದ ಇನ್ನೊಂದು ಬಗೆಯ ಆಕಸ್ಮಿಕ ಆರಂಭವೂ ಇದೆ. ಮೊಟ್ಟೆ, ಕೆನೆ ಕಲಕುವ ಎಷ್ಟೋ ಹ್ಯಾಂಡ್ ಮಿಕ್ಸರುಗಳಲ್ಲಿ ಒತ್ತುವ ಗುಂಡಿಯ ಬದಲು ಸರಿಸುವ ಗುಂಡಿ ಇರುತ್ತದೆ. ಮೂರಕ್ಕೆ ಸರಿಸಿದರೆ ಮೂರರಲ್ಲೇ ನಿಲ್ಲುತ್ತದೆ. ಕೆಲಸದ ನಡುವೆ ಕರೆಂಟ್ ಹೋಯಿತು ಎನ್ನಿ. ಯಂತ್ರ ಸುಮ್ಮನಾಯಿತು, ಗುಂಡಿ ಮೂರರಲ್ಲೇ ಉಳಿಯಿತು. ಕರೆಂಟ್ ಬಂದ ಕೂಡಲೇ, ಅಥವಾ ಪಕ್ಕದ ಮಿಕ್ಸಿಯದೆಂದು ಯಾರೋ ಗೋಡೆಯ ಸ್ವಿಚ್ ಹಾಕಿದ ಕೂಡಲೇ, ಯಾರೂ ಮುಟ್ಟದಿದ್ದರೂ ಅದು ತಿರುಗುತ್ತದೆ. ಲೋಡ್ ಶೆಡ್ಡಿಂಗ್ ಕಂಡ ನಾಡಿನಲ್ಲಿ ಇದು ಕಲ್ಪನೆಯ ಅಪಾಯವಲ್ಲ. ಇದಕ್ಕೆ ಪರಿಹಾರ ನಮ್ಮ ರೈತರಿಗೆ ಹಳೆಯ ಪರಿಚಯ. ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬಿಯೊಳಗಿನ ಕಾಯಿಲ್ ಕರೆಂಟ್ ಹೋದೊಡನೆ ಕೈಬಿಡುತ್ತದೆ. ಕರೆಂಟ್ ಮರಳಿದರೂ ಯಾರಾದರೂ ಬಂದು ಹಸಿರು ಗುಂಡಿ ಒತ್ತುವ ತನಕ ಮೋಟಾರು ಏಳುವುದಿಲ್ಲ. ಅಡುಗೆಮನೆಯ ಯಂತ್ರಕ್ಕೆ ಇದರ ಸರಳ ರೂಪ ಸಾಕು: ಬೆರಳು ತೆಗೆದೊಡನೆ ತಾನಾಗಿ ಆಫ್ ಸ್ಥಿತಿಗೆ ಮರಳುವ ಸ್ಪ್ರಿಂಗ್ ಗುಂಡಿ.

ಮೂರನೆಯ ಎಳೆಗೆ ಬರುವ ಮೊದಲು ಒಂದು ಮಾತು. ಎರಡು ಹೆಜ್ಜೆಯ ಆರಂಭವನ್ನು ರಗಳೆ ಎನ್ನುವವರೂ ದಿನಕ್ಕೆ ಹತ್ತಾರು ಬಾರಿ ಅದನ್ನೇ ಮಾಡುತ್ತಾರೆ. ಗ್ಯಾಸ್ ಒಲೆಯ ತಿರುಪನ್ನು ಸುಮ್ಮನೆ ತಿರುಗಿಸಿದರೆ ಅದು ತಿರುಗುವುದಿಲ್ಲ. ಒಳಕ್ಕೆ ಒತ್ತಿ ತಿರುಗಿಸಬೇಕು. ಸೆರಗು ಸಿಕ್ಕಿಕೊಂಡೋ ಪಾತ್ರೆ ತಗುಲಿಯೋ ಗ್ಯಾಸ್ ತೆರೆದುಕೊಳ್ಳಬಾರದೆಂದು ಎರಡು ಬೇರೆ ಬೇರೆ ಚಲನೆಗಳನ್ನು ಅಲ್ಲಿ ಜೋಡಿಸಿದ್ದಾರೆ. ಒಳಮುಚ್ಚಳದ ಪ್ರೆಶರ್ ಕುಕ್ಕರನ್ನು ಒತ್ತಡ ಇಳಿಯುವ ಮುನ್ನ ತೆರೆಯಲು ಹೋದರೆ ಒಳಗಿನ ಹಬೆಯೇ ಮುಚ್ಚಳವನ್ನು ಹಿಡಿದುಕೊಳ್ಳುತ್ತದೆ. ಇವು ನಮ್ಮ ಎಚ್ಚರದ ಮೇಲೆ ತೋರಿಸಿದ ಅಪನಂಬಿಕೆ ಎಂದು ಯಾರಿಗೂ ಅನ್ನಿಸಿಲ್ಲ. ಒಳ್ಳೆಯ ತಡೆ ಅಭ್ಯಾಸದೊಳಗೆ ಕರಗಿಹೋಗಿ ತಡೆಯೆಂದೇ ತೋರುವುದಿಲ್ಲ. ಹಾಗಾದರೆ ಬ್ಲೆಂಡರಿನ ಲಾಕಿನ ಬಗೆಗಿನ ದೂರು ತಡೆ ಎಂಬ ತತ್ವದ ಮೇಲಿನದ್ದಲ್ಲ. ಅದು ಹೊಸದೆಂಬ ಕಾರಣಕ್ಕೆ ಬಂದದ್ದು, ಇಲ್ಲವೇ ಆ ಲಾಕ್ ಕೆಟ್ಟದಾಗಿ ರೂಪುಗೊಂಡಿದೆ ಎಂಬ ಕಾರಣಕ್ಕೆ.

ಈಗ ಮೂರನೆಯ ಎಳೆ, ಎಲ್ಲದರಲ್ಲೂ ಬಲವಾದದ್ದು. ಸುರಕ್ಷತೆ ಹೆಚ್ಚಿದಂತೆ ಜನ ಅಷ್ಟೇ ಧೈರ್ಯವಹಿಸಿ ಅದರ ಲಾಭವನ್ನು ತಿಂದುಹಾಕುತ್ತಾರೆ ಎಂದು ಅರ್ಥಶಾಸ್ತ್ರಜ್ಞ ಸ್ಯಾಮ್ ಪೆಲ್ಟ್ಸ್‌ಮನ್ 1975ರಲ್ಲಿ ಕಾರುಗಳ ಬಗ್ಗೆ ವಾದಿಸಿದರು. ಮಕ್ಕಳು ತೆರೆಯಲಾಗದ ಔಷಧಿ ಬಿರಡೆಗಳ ಬಗ್ಗೆ 1984ರಲ್ಲಿ ಕಿಪ್ ವಿಸ್ಕುಸಿ ಇಂಥದ್ದೇ ಮಾತು ಹೇಳಿದರು: ಬಿರಡೆಯ ಧೈರ್ಯದಿಂದ ಹೆತ್ತವರು ಸಡಿಲವಾಗುತ್ತಾರೆ, ತೆರೆಯಲು ಕಷ್ಟವೆಂದು ಕೆಲವರು ಶೀಶೆಯನ್ನು ತೆರೆದೇ ಇಡುತ್ತಾರೆ. ಇದನ್ನು ತಳ್ಳಿಹಾಕಬಾರದು. ಆದರೆ ಈ ವಾದ ನಿಲ್ಲುವುದು ಒಂದು ವಿನಿಮಯದ ಮೇಲೆ. ಕಾರು ಓಡಿಸುವವನಿಗೆ ಧೈರ್ಯದಿಂದ ವೇಗ ಸಿಗುತ್ತದೆ. ಕೊಟ್ಟು ಕೊಳ್ಳಲು ಅಲ್ಲಿ ಏನೋ ಇದೆ. ಗುಂಡಿ ತಾನಾಗಿ ಒತ್ತಿಹೋಗುವುದರಿಂದ ಯಾರಿಗೂ ಏನೂ ಸಿಗುವುದಿಲ್ಲ. ಕೈತಪ್ಪನ್ನು ಲೆಕ್ಕಹಾಕಿ ಯಾರೂ ಮಾಡುವುದಿಲ್ಲ, ಹಾಗಾಗಿ ಲೆಕ್ಕ ಬದಲಾದರೆ ಅದು ಹೆಚ್ಚುವುದೂ ಇಲ್ಲ. ಲಾಕಿನ ಧೈರ್ಯದಿಂದ ಹೆಚ್ಚಬಹುದಾದದ್ದು ಪ್ಲಗ್ ಕೀಳದೆ ಬ್ಲೇಡು ಮುಟ್ಟುವ ಚಾಳಿ ಮಾತ್ರ. ಅದು ನಿಜವಾದ ನಷ್ಟ, ಒಪ್ಪುತ್ತೇನೆ. ಆದರೆ ಲಾಕ್ ಇಲ್ಲದ ಮನೆಗಳಲ್ಲೂ ಆ ಚಾಳಿ ಇದ್ದೇ ಇದೆ, ಅಲ್ಲಿ ಅದಕ್ಕೆ ಕಾವಲೇ ಇಲ್ಲ. ಯಾವ ಕಡೆ ತೂಕ ಹೆಚ್ಚು ಎಂಬುದನ್ನು ಊಹೆಯಿಂದ ತೀರ್ಮಾನಿಸದೆ ಅನುಭವವನ್ನು ಕೇಳಬೇಕು. ಅಮೆರಿಕದಲ್ಲಿ 1994ರಿಂದ ಬಳಸಿ ಬಿಸಾಡುವ ಸಿಗರೇಟ್ ಲೈಟರುಗಳನ್ನು ಚಿಕ್ಕ ಮಕ್ಕಳು ಹೊತ್ತಿಸಲಾಗದಂತೆ ಮಾಡುವುದು ಕಡ್ಡಾಯವಾಯಿತು. ಪರೀಕ್ಷೆಗೆ ಕೂರಿಸಿದ ಮಕ್ಕಳಲ್ಲಿ ಶೇ. 85ರಷ್ಟಾದರೂ ಮಕ್ಕಳಿಗೆ ಅದನ್ನು ಹೊತ್ತಿಸಲು ಆಗಬಾರದು ಎಂಬುದು ಅಳತೆ. ಅಲ್ಲೂ ಹೆತ್ತವರು ಸಡಿಲವಾಗಬಹುದಿತ್ತು. ಆದರೂ ಪುಟ್ಟ ಮಕ್ಕಳು ಲೈಟರಿನಿಂದ ಹಚ್ಚಿದ ಬೆಂಕಿಯ ಅವಘಡಗಳು ಗಣನೀಯವಾಗಿ ಇಳಿದವು.

ವಿಸ್ಕುಸಿಯವರ ಮಾತಿನ ಉತ್ತರಾರ್ಧ ಇನ್ನೂ ಉಳಿದಿದೆ. ತಡೆ ಕಷ್ಟಕೊಟ್ಟರೆ ಜನ ಅದನ್ನು ದಾಟುವ ಉಪಾಯ ಹುಡುಕುತ್ತಾರೆ. ಇದಕ್ಕೂ ನಮ್ಮ ಪಂಪ್‌ಸೆಟ್ಟೇ ಸಾಕ್ಷಿ. ತ್ರೀಫೇಸ್ ಕರೆಂಟ್ ನಡುರಾತ್ರಿ ಬರುವ ಊರಿನಲ್ಲಿ, ಹಸಿರು ಗುಂಡಿ ಒತ್ತಲು ಕತ್ತಲಲ್ಲಿ ಹೊಲಕ್ಕೆ ನಡೆಯಬೇಕಾದ ರೈತ ಸ್ಟಾರ್ಟರಿಗೆ ಆಟೋ ಕೂಡಿಸುತ್ತಾನೆ. ಕರೆಂಟ್ ಬಂದಾಗ ಮೋಟಾರು ತಾನೇ ಏಳುತ್ತದೆ. ಅವನನ್ನು ಅಜಾಗರೂಕ ಎನ್ನಲಾದೀತೇ? ಹಾವು ಚೇಳುಗಳ ದಾರಿಯ ಅಪಾಯವನ್ನೂ ಮೋಟಾರಿನ ಅಪಾಯವನ್ನೂ ತೂಗಿ ನೋಡಿದ್ದಾನೆ. ಅಡುಗೆಮನೆಯಲ್ಲೂ ಹಾಗೇ. ಸಂಧಿವಾತದಿಂದ ಬೆರಳು ಬಿಗಿದ ಅಜ್ಜಿಗೆ ಎರಡು ಗುಂಡಿಗಳನ್ನು ಕೆಲಸ ಮುಗಿಯುವ ತನಕ ಒತ್ತಿಯೇ ಇರಬೇಕು ಎಂದರೆ, ಮೊಮ್ಮಗ ಲಾಕಿಗೆ ಟೇಪು ಸುತ್ತಿಕೊಡುತ್ತಾನೆ. ಆಗ ಉಳಿಯುವುದು ಲಾಕ್ ಇಲ್ಲದ ಯಂತ್ರ, ಜೊತೆಗೆ ಲಾಕ್ ಇದೆ ಎಂಬ ಭ್ರಮೆ. ಇದು ತಡೆ ಬೇಡವೆನ್ನಲು ಕಾರಣವಲ್ಲ, ಎಂಥ ತಡೆ ಬೇಕು ಎಂದು ಖಚಿತವಾಗಿ ಹೇಳಲು ಕಾರಣ. ಸುತ್ತಿದ ಟೇಪು ಬಳಸುವವರ ಮೇಲಿನ ದೂರಲ್ಲ, ರೂಪಿಸಿದವರಿಗೆ ಬರೆದ ಕಾಗದ.

ಒಳ್ಳೆಯ ತಡೆಯ ಲಕ್ಷಣಗಳನ್ನು ಹೀಗೆ ಹೇಳಬಹುದು.

1. ಎರಡು ಹೆಜ್ಜೆಗಳು ಎರಡು ಬೇರೆ ಬಗೆಯ ಚಲನೆಗಳಾಗಿರಬೇಕು. ಒಂದು ಹೆಜ್ಜೆ ಆಕಸ್ಮಿಕವಾಗಿ ಆಗುವ ಸಂಭವ ಸಾವಿರಕ್ಕೆ ಒಂದಾದರೆ ಎರಡೂ ಒಟ್ಟಿಗೆ ಆಗುವ ಸಂಭವ ಹತ್ತು ಲಕ್ಷಕ್ಕೆ ಒಂದು ಎಂಬ ಲೆಕ್ಕ, ಅವು ಒಂದಕ್ಕೊಂದು ಸಂಬಂಧವಿಲ್ಲದಿದ್ದರೆ ಮಾತ್ರ ಸರಿ. ಮುಷ್ಟಿ ಬಿಗಿದಾಗ ಎರಡೂ ಗುಂಡಿ ಒತ್ತಿಹೋಗುವಂತಿದ್ದರೆ ಅವು ಎರಡಲ್ಲ, ಒಂದೇ. ಒಂದನ್ನು ಸರಿಸಿ ಇನ್ನೊಂದನ್ನು ಒತ್ತುವಂತಿರಬೇಕು, ಅದೂ ಅದೇ ಕ್ರಮದಲ್ಲಿ.

2. ಬೆರಳು ತೆಗೆದೊಡನೆ ಯಂತ್ರ ನಿಲ್ಲಬೇಕು, ಲಾಕ್ ತಾನಾಗಿ ಬೀಳಬೇಕು. ಲಾಕ್ ಹಾಕುವ ಕೆಲಸವನ್ನು ನೆನಪಿಗೆ ಬಿಟ್ಟರೆ ಬಿಟ್ಟಲ್ಲಿಗೇ ಬಂದು ನಿಂತಂತೆ.

3. ಪ್ಲಗ್ ಹಾಕುವುದರಿಂದ, ಕರೆಂಟ್ ಮರಳುವುದರಿಂದ, ಬ್ಯಾಟರಿ ಕೂಡಿಸುವುದರಿಂದ ಯಂತ್ರ ಏಳಬಾರದು.

4. ಲಾಕ್ ಬಿಡಿಸುವುದು ಆರಂಭಕ್ಕಷ್ಟೇ ಇರಬೇಕು. ಆಮೇಲೆ ಒಂದೇ ಗುಂಡಿಯ ಹಗುರ ಒತ್ತಡ ಸಾಕಾಗಬೇಕು. ಇನ್ನೊಂದು ಕೈ ಪಾತ್ರೆ ಹಿಡಿದಿರುತ್ತದೆ, ಆದ್ದರಿಂದ ಎಲ್ಲವೂ ಒಂದೇ ಕೈಯಲ್ಲಿ ಆಗಬೇಕು. ಎಡಗೈಯವರಿಗೂ ಆಗಬೇಕು.

5. ಗುಂಡಿ ಹಿಡಿಕೆಯ ಮೈಯಿಂದ ಉಬ್ಬಿರದೆ ತಗ್ಗಿನಲ್ಲಿರಬೇಕು. ಹಬೆ, ಹಿಟ್ಟು, ನೀರು ಒಳಗೆ ಇಳಿಯದಂತಿರಬೇಕು. ಒಳಗಿನ ಸ್ವಿಚ್ಚೇ ಅಂಟಿಕೊಂಡರೆ ಹೊರಗಿನ ಲಾಕಿಗೆ ಅರ್ಥವಿಲ್ಲ. ಮೈಕ್ರೋವೇವ್ ಒಲೆಯ ಬಾಗಿಲಿಗೆ ಕನಿಷ್ಠ ಎರಡು ತಡೆಗಳಿರುವುದು ಇದೇ ಕಾರಣಕ್ಕೆ: ಒಂದು ಕೆಟ್ಟರೂ ಇನ್ನೊಂದು ಕಾಯುತ್ತದೆ.

ಇದರಿಂದ ಯಂತ್ರದ ಬೆಲೆ ಹೆಚ್ಚುತ್ತದೆ ಎಂಬ ಆಕ್ಷೇಪ ಉಳಿಯುತ್ತದೆ. ಒಂದು ಸ್ಪ್ರಿಂಗ್, ಒಂದು ಪ್ಲಾಸ್ಟಿಕ್ ಸರಿಕೆ, ಗುಂಡಿಯ ಸುತ್ತ ಒಂದು ಅಂಚು: ಇವು ಮೋಟಾರಿನ ಮುಂದೆ ಸಣ್ಣ ಖರ್ಚು. ಸಣ್ಣದಾದರೂ ಖರ್ಚೇ ಎಂದರೆ ಯಾರು ಅದನ್ನು ಭರಿಸುತ್ತಾರೆ ಎಂದು ಕೇಳಬೇಕಾಗುತ್ತದೆ. ತಡೆ ಬಿಟ್ಟು ಉಳಿಸಿದ ಹಣ ತಯಾರಕರಿಗೂ ಕೊಳ್ಳುವವರಿಗೂ ಹಂಚಿಹೋಗುತ್ತದೆ. ಕೊಯ್ದ ಬೆರಳಿನ ಹೊಲಿಗೆ, ನರ ಕಡಿದು ಜೋಮುಹಿಡಿದ ತುದಿ, ವಾರಗಟ್ಟಲೆ ಕೆಲಸಕ್ಕೆ ಬಾರದ ಕೈ ಒಬ್ಬರ ಪಾಲಿಗೇ ಬರುತ್ತವೆ. ಎಚ್ಚರವೇ ಸಾಕು ಎಂಬ ಮಾತು ಈ ಹಂಚಿಕೆಯನ್ನು ನ್ಯಾಯವೆಂಬಂತೆ ತೋರಿಸುತ್ತದೆ. ಆ ಮಾತಿನ ಬಗ್ಗೆ ನನಗಿರುವ ದೊಡ್ಡ ತಕರಾರು ಇದೇ.

ಹಾಗೆಂದು ಲಾಕ್ ಎಲ್ಲವನ್ನೂ ಮಾಡುವುದಿಲ್ಲ. ತಿರುಗುತ್ತಿರುವ ಬ್ಲೇಡಿನ ಬಳಿಗೆ ಬೆರಳು ಹೋಗುವುದನ್ನು ಅದು ತಡೆಯಲಾರದು, ಬೇಕೆಂದೇ ಲಾಕ್ ಬಿಡಿಸಿ ಒತ್ತಿದವರನ್ನು ತಡೆಯಲಾರದು, ಸುಮ್ಮನಿರುವ ಬ್ಲೇಡಿನ ಹರಿತವನ್ನೂ ಕಳೆಯಲಾರದು. ಅಲ್ಲೆಲ್ಲ ಎಚ್ಚರವೇ ಬೇಕು, ಪ್ಲಗ್ ಕೀಳುವ ನಿಯಮವೇ ಬೇಕು. ನನ್ನ ವಾದ ಎಚ್ಚರದ ವಿರುದ್ಧವಲ್ಲ. ನಿರ್ಧಾರ ಇರುವ ಕಡೆ ಎಚ್ಚರ ಕೆಲಸ ಮಾಡುತ್ತದೆ, ನಿರ್ಧಾರ ಇಲ್ಲದ ಕಡೆ ರಚನೆ ಕೆಲಸ ಮಾಡಬೇಕು. ಒಂದರ ಹೊರೆಯನ್ನು ಇನ್ನೊಂದರ ಮೇಲೆ ಹೇರಿದರೆ ಎರಡೂ ಸೋಲುತ್ತವೆ. ಆದ್ದರಿಂದ ಅಂಗಡಿಯಲ್ಲಿ ಬ್ಲೆಂಡರ್ ಕೈಗೆತ್ತಿಕೊಂಡಾಗ, ಪ್ಲಗ್ ಹಾಕುವ ಮೊದಲೇ, ಒದ್ದೆ ಕೈಯಿಂದ ಹಿಡಿದಷ್ಟು ಬಿಗಿಯಾಗಿ ಅದನ್ನು ಹಿಡಿದು ನೋಡಿ. ಗುಂಡಿ ಒಳಗೆ ಹೋಯಿತೇ? ಹೋಗಿದ್ದರೆ, ಮುಂದೆಂದೋ ಅದೇ ಹಿಡಿತದಲ್ಲಿ ಬ್ಲೇಡು ತಿರುಗಿ ಯಾರದ್ದಾದರೂ ಬೆರಳು ಕೊಯ್ದ ದಿನ 'ಗಮನ ಎಲ್ಲಿತ್ತು?' ಎಂದು ಅವರನ್ನು ಕೇಳುವ ಹಕ್ಕು ನಮಗಿರುವುದಿಲ್ಲ. ಅವರದು ಕೈತಪ್ಪು ಮಾತ್ರ. ತಪ್ಪು ಆಗಿದ್ದು ಆ ಗುಂಡಿಯನ್ನು ಅಲ್ಲಿ ಹಾಗೆ ಇಟ್ಟಾಗ.